ಸಾಲದ ಹಣ, ಮನೆಯ ಲಾಭ

ಮಾರಿದ ಬೆಲೆಯಲ್ಲಿ ಕೊಂಡ ಬೆಲೆಯನ್ನು ಕಳೆದರೆ ಉಳಿಯುವುದು ಲಾಭ. ಈ ಸೂತ್ರವನ್ನು ನೀವು ಕೆಳಗಿನ ತರಗತಿಗಳಲ್ಲಿಯೇ ಕಲಿತಿದ್ದೀರಿ. ಅದನ್ನು ಹಿಡಿದು ಎಷ್ಟೋ ಲೆಕ್ಕಗಳನ್ನು ಬಿಡಿಸಿಯೂ ಇದ್ದೀರಿ. ಸಂತೆಯಲ್ಲಿ ಮಾವಿನ ಹಣ್ಣು ಮಾರುವ ಹೆಂಗಸು ಬೆಳಗ್ಗೆ ಎರಡು ಸಾವಿರ ರೂಪಾಯಿಯ ಹಣ್ಣನ್ನು ಕೊಂಡು ಸಂಜೆಯೊಳಗೆ ಎರಡು ಸಾವಿರದ ಆರುನೂರಕ್ಕೆ ಮಾರಿದಳೆಂದರೆ, ಬುಟ್ಟಿ ಸಾಗಿಸಿದ ಬಾಡಿಗೆಯನ್ನು ಕಳೆದು ಉಳಿದುದು ಅವಳ ಗಳಿಕೆ. ಅವಳ ವ್ಯಾಪಾರ ಒಂದು ಹಗಲಿನಲ್ಲಿ ಮುಗಿಯುತ್ತದೆ. ಆದುದರಿಂದ ಅವಳಿಗೆ ಆ ಸೂತ್ರ ಸಾಕು. ಸರಕು ಹಣ್ಣಲ್ಲದೆ ಮನೆಯಾದಾಗ, ಕೊಳ್ಳುವ ಹಣ ಸ್ವಂತದ್ದಲ್ಲದೆ ಸಾಲದ್ದಾದಾಗ, ಅದೇ ಸೂತ್ರ ಮನುಷ್ಯನನ್ನು ದಾರಿ ತಪ್ಪಿಸಬಲ್ಲುದು.

ನಮ್ಮ ನಗರಗಳಲ್ಲಿ ಈಗ ಒಂದು ವ್ಯಾಪಾರ ಕಾಣಬರುತ್ತಿದೆ. ಹಳೆಯದಾಗಿ ಮೂಲೆ ಸೇರಿದ ಮನೆಯೊಂದನ್ನು ಕಡಿಮೆ ಬೆಲೆಗೆ ಕೊಳ್ಳುವುದು; ಗೋಡೆ, ಸೂರು, ನೆಲಗಳನ್ನು ಸರಿಪಡಿಸಿ ಸುಣ್ಣಬಣ್ಣ ಬಳಿಸುವುದು; ಅನಂತರ ಹೆಚ್ಚಿನ ಬೆಲೆಗೆ ಮಾರುವುದು. ಇದರಲ್ಲಿ ಅಧರ್ಮವೇನೂ ಇಲ್ಲ. ಬೀಳುವ ಮನೆಯನ್ನು ಬಾಳುವ ಮನೆಯಾಗಿ ಮಾಡುವವನು ಸಮಾಜಕ್ಕೆ ಒಂದು ಉಪಕಾರವನ್ನೇ ಮಾಡುತ್ತಾನೆ. ಆದರೆ ಮನೆ ಕೊಳ್ಳುವಷ್ಟು ಹಣವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡವರು ವಿರಳ. ಆದಕಾರಣ ಈ ವ್ಯಾಪಾರದ ಬೆನ್ನೆಲುಬು ಸಾಲ. ಸಾಲ ಮಾಡಿ ಮನೆ ಕೊಂಡು ಮಾರಿದವನಿಗೆ ನಿಜವಾಗಿ ದಕ್ಕುವುದೆಷ್ಟು? ಒಂದು ಕಲ್ಪಿತ ಉದಾಹರಣೆಯ ಮೂಲಕ ಇದನ್ನು ಬಿಡಿಸಿ ನೋಡೋಣ.

ಮೈಸೂರಿನಲ್ಲಿ ಒಬ್ಬ ಗೃಹಸ್ಥನಿದ್ದಾನೆ ಎಂದುಕೊಳ್ಳಿ. ಹಳೆಯ ಬಡಾವಣೆಯೊಂದರಲ್ಲಿ ಮಂಗಳೂರು ಹೆಂಚಿನ ಮನೆಯೊಂದು 60 ಲಕ್ಷ ರೂಪಾಯಿಗೆ ಬಂದಿದೆ. ಎಂಟು ಲಕ್ಷ ಖರ್ಚು ಮಾಡಿ ದುರಸ್ತಿಗೊಳಿಸಿದರೆ 84 ಲಕ್ಷಕ್ಕೆ ಮಾರಬಹುದೆಂದು ದಲ್ಲಾಳಿ ಹೇಳುತ್ತಾನೆ. ಗೃಹಸ್ಥನು ಬೆರಳು ಮಡಿಚಿ ಎಣಿಸುತ್ತಾನೆ: 84ರಲ್ಲಿ 60 ಹೋದರೆ 24, ದುರಸ್ತಿಯ 8 ಹೋದರೆ 16. ಹದಿನಾರು ಲಕ್ಷ! ಒಬ್ಬ ನೌಕರ ಹಲವು ವರ್ಷ ದುಡಿದರೂ ಕೂಡಿಡಲಾರದ ಮೊತ್ತ. ಆ ರಾತ್ರಿ ಅವನಿಗೆ ನಿದ್ರೆ ಬಾರದಿದ್ದರೆ ಆಶ್ಚರ್ಯವಿಲ್ಲ.

ಹಣ ಹೊಂದಿಸಬೇಕು. ಅವನು ಬ್ಯಾಂಕಿಗೆ ಹೋಗುತ್ತಾನೆ. ಬ್ಯಾಂಕು ಪೂರ್ತಿ ಬೆಲೆಯನ್ನು ಸಾಲವಾಗಿ ಕೊಡುವುದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ, ಮೂವತ್ತು ಲಕ್ಷಕ್ಕೆ ಮೇಲ್ಪಟ್ಟು ಎಪ್ಪತ್ತೈದು ಲಕ್ಷದವರೆಗಿನ ಗೃಹಸಾಲವು ಮನೆಯ ಬೆಲೆಯ ನೂರಕ್ಕೆ ಎಂಬತ್ತು ಭಾಗವನ್ನು ಮೀರಕೂಡದು. ನೋಂದಣಿಯ ಖರ್ಚನ್ನು ಆ ಬೆಲೆಯಲ್ಲಿ ಸೇರಿಸುವಂತೆಯೂ ಇಲ್ಲ. ಹೀಗಾಗಿ 60 ಲಕ್ಷದ ಮನೆಗೆ ಹೆಚ್ಚೆಂದರೆ 48 ಲಕ್ಷ ಸಿಕ್ಕೀತು. ಬಡ್ಡಿ ವರ್ಷಕ್ಕೆ ನೂರಕ್ಕೆ ಒಂಬತ್ತು ರೂಪಾಯಿ ಎಂದಿಟ್ಟುಕೊಳ್ಳೋಣ. ಮಿಕ್ಕ ಹನ್ನೆರಡು ಲಕ್ಷವನ್ನು ತನ್ನ ಉಳಿತಾಯದಿಂದ ತೆಗೆಯುತ್ತಾನೆ. ಅದು ಮಕ್ಕಳ ಓದಿಗೆಂದು ವರ್ಷ ವರ್ಷವೂ ಕೂಡಿಟ್ಟ ಠೇವಣಿ.

ಇನ್ನು ಉಪನೋಂದಣಾಧಿಕಾರಿಗಳ ಕಚೇರಿ. ನಮ್ಮ ರಾಜ್ಯದಲ್ಲಿ ಇಂಥ ಮನೆಯ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ ಐದು. ಆ ಶುಲ್ಕದ ಮೇಲೆ ಉಪಕರ ಮತ್ತು ಅಧಿಭಾರಗಳು ಸೇರಿ, ನಗರ ಪ್ರದೇಶದಲ್ಲಿ, ಮತ್ತೆ ಬೆಲೆಯ ನೂರಕ್ಕೆ 0.6ರಷ್ಟು. ನೋಂದಣಿ ಶುಲ್ಕವು ಮೊದಲು ನೂರಕ್ಕೆ ಒಂದು ಇದ್ದುದು 2025ರ ಆಗಸ್ಟ್ 31ರಿಂದ ಎರಡಾಯಿತು. ಎಲ್ಲ ಸೇರಿ ನೂರಕ್ಕೆ 7.6, ಅರವತ್ತು ಲಕ್ಷಕ್ಕೆ 4,56,000 ರೂಪಾಯಿ. ಒಪ್ಪಿದ ಬೆಲೆಗಿಂತ ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಾಗಿದ್ದರೆ ಶುಲ್ಕವನ್ನು ಆ ಹೆಚ್ಚಿನ ಬೆಲೆಯ ಮೇಲೆಯೇ ತೆರಬೇಕು. ಈ ಹಣ ಮನೆಯ ಯಾವ ಗೋಡೆಯಲ್ಲಿಯೂ ಕಾಣುವುದಿಲ್ಲ. ಮುಂದೆ ಕೊಳ್ಳುವವನು ಅದಕ್ಕಾಗಿ ಒಂದು ಕಾಸನ್ನೂ ಹೆಚ್ಚಿಗೆ ಕೊಡುವುದಿಲ್ಲ, ಏಕೆಂದರೆ ಅವನೂ ತನ್ನ ಪಾಲಿನ ಶುಲ್ಕವನ್ನು ಹೊಸದಾಗಿ ತೆರಬೇಕು.

ಕ್ರಯಪತ್ರ ಎಂಬ ಮಾತನ್ನು ಬಳಸಿದೆನಷ್ಟೆ. ಕ್ರಯವೆಂದರೆ ಕೊಳ್ಳುವಿಕೆ, ವಿಕ್ರಯವೆಂದರೆ ಮಾರಾಟ. ಒಂದೇ ಕಾಗದ ಒಬ್ಬನಿಗೆ ಕ್ರಯ, ಎದುರು ಕುಳಿತವನಿಗೆ ವಿಕ್ರಯ. ನಮ್ಮ ಗೃಹಸ್ಥನಾದರೋ ಸ್ವಲ್ಪ ಕಾಲದಲ್ಲಿಯೇ ಮೇಜಿನ ಈಚೆಯಿಂದ ಆಚೆಗೆ ಹೋಗಿ ಕುಳಿತುಕೊಳ್ಳಬೇಕಾದವನು. ಎರಡು ಸಲವೂ ದಲ್ಲಾಳಿಗೆ ಕೊಡಬೇಕು. ನೂರಕ್ಕೆ ಒಂದರಂತೆ ಕೊಳ್ಳುವಾಗ 60,000, ಮಾರುವಾಗ 84,000 ಎಂದು ಇಟ್ಟುಕೊಳ್ಳೋಣ. ಋಣಭಾರ ಪ್ರಮಾಣಪತ್ರ ತೆಗೆಸಿ, ಹಳೆಯ ಪತ್ರಗಳನ್ನು ವಕೀಲರಿಂದ ಪರಿಶೀಲಿಸಿ, ಬ್ಯಾಂಕಿಗೆ ಸಾಲದ ಶುಲ್ಕ ಕಟ್ಟುವುದಕ್ಕೆ 40,000. ವಕೀಲರ ಶುಲ್ಕವನ್ನು ಉಳಿಸಲು ಹೋಗಿ, ಸಹಿ ಹಾಕದ ಒಬ್ಬ ವಾರಸುದಾರನ ದಾವೆಯಲ್ಲಿ ಸಿಕ್ಕಿ ಬಿದ್ದವರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಹಳೆಯ ಮನೆಯನ್ನು ದುರಸ್ತಿ ಮಾಡುವವನಿಗೆ ಈ ಮಾತು ಎರಡು ಪಟ್ಟು ಸಲ್ಲುತ್ತದೆ. ಹೊಸ ಮನೆಯ ಖರ್ಚನ್ನು ನಕ್ಷೆ ನೋಡಿ ಅಂದಾಜು ಮಾಡಬಹುದು. ಹಳೆಯ ಮನೆಯ ಖರ್ಚು ಹೆಂಚು ಇಳಿಸಿದ ಮೇಲೆಯೇ ತಿಳಿಯುವುದು. ಹೊರಗೆ ಗಟ್ಟಿಯಾಗಿ ಕಾಣುವ ತೊಲೆಯನ್ನು ಬಡಗಿ ಉಳಿಯಿಂದ ತಿವಿದರೆ ಒಳಗೆ ಗೆದ್ದಲಿನ ಪುಡಿ. ನೆಲದಡಿಯ ಕಬ್ಬಿಣದ ಕೊಳವೆ ತುಕ್ಕು ತಿಂದಿರುತ್ತದೆ. ಒಂದು ಗೋಡೆಯ ಗಾರೆ ಕಿತ್ತರೆ ಪಕ್ಕದ ಗೋಡೆಯದೂ ಉದುರುತ್ತದೆ. ಅನುಭವಸ್ಥರು ಅಂದಾಜಿನ ಮೇಲೆ ಒಂದು ಪಾಲನ್ನು ಅಕಸ್ಮಾತ್ತಿಗೆಂದು ಬೇರೆಯಾಗಿಯೇ ತೆಗೆದಿಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಗೃಹಸ್ಥನು ಅದೃಷ್ಟವಂತ. ದುರಸ್ತಿ ಎಂಟು ಲಕ್ಷದಲ್ಲಿಯೇ ಮುಗಿಯಿತೆಂದು ಭಾವಿಸೋಣ. ಆದರೆ ಆ ಎಂಟು ಲಕ್ಷ ಎಲ್ಲಿಂದ ಬರಬೇಕು? ಉಳಿತಾಯವೆಲ್ಲ ಆಗಲೇ ಮುಗಿದಿದೆ. ಅವನು ಪರಿಚಯದ ಸಾಹುಕಾರನೊಬ್ಬನಲ್ಲಿ ಕೈಸಾಲ ಮಾಡುತ್ತಾನೆ. ಲೇವಾದೇವಿ ನಡೆಸುವವರು 1961ರ ಅಧಿನಿಯಮದಂತೆ ಪರವಾನಗಿ ಪಡೆಯಬೇಕು. ಆದರೂ ಪರವಾನಗಿಯಿಲ್ಲದ ಕೈಸಾಲದ ವ್ಯವಹಾರ ನಡೆದೇ ಇದೆ.

ಇಲ್ಲಿ ಒಂದು ಮಾತಿನ ಮರ್ಮವನ್ನು ನೀವು ತಿಳಿಯಬೇಕು. "ಬರಿಯ ಎರಡು ರೂಪಾಯಿ ಬಡ್ಡಿ, ಸ್ವಾಮಿ" ಎನ್ನುತ್ತಾನೆ ಸಾಹುಕಾರ. ಒಂಬತ್ತು ರೂಪಾಯಿಯ ಬ್ಯಾಂಕಿನ ಬಡ್ಡಿಗಿಂತ ಇದು ಅಗ್ಗವೆಂದು ಕಿವಿಗೆ ಕೇಳಿಸುತ್ತದೆ. ಆದರೆ ಬ್ಯಾಂಕು ಹೇಳುವುದು ವರ್ಷದ ಲೆಕ್ಕ. ಸಾಹುಕಾರ ಹೇಳುವುದು ತಿಂಗಳ ಲೆಕ್ಕ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಇಪ್ಪತ್ತನಾಲ್ಕು. ಬಡ್ಡಿ ಎಂಬ ನಮ್ಮ ಪದ ಸಂಸ್ಕೃತದ ವೃದ್ಧಿ ಎಂಬುದರ ತದ್ಭವ. ವೃದ್ಧಿಯೆಂದರೆ ಬೆಳೆಯುವುದು. ಬೆಳೆಗೆ ಮಳೆ ಬೇಕು, ಗೊಬ್ಬರ ಬೇಕು. ಇದಕ್ಕೆ ಕಾಲವೊಂದಿದ್ದರೆ ಸಾಕು.

ಈಗ ಬಡ್ಡಿಯನ್ನು ಗುಣಿಸೋಣ. ಲೆಕ್ಕ ಸುಲಭವಾಗಲೆಂದು ಎರಡು ಸಾಲಗಳನ್ನೂ ಮೊದಲ ದಿನವೇ ಪಡೆದನೆಂದೂ, ತಿಂಗಳು ತಿಂಗಳು ಬಡ್ಡಿಯನ್ನಷ್ಟೇ ಕಟ್ಟಿ ಅಸಲನ್ನು ಮನೆ ಮಾರಿದ ದಿನ ತೀರಿಸುತ್ತಾನೆಂದೂ ಇಟ್ಟುಕೊಳ್ಳಿ. 48 ಲಕ್ಷಕ್ಕೆ ಬ್ಯಾಂಕಿನ ಬಡ್ಡಿ ವರ್ಷಕ್ಕೆ 4,32,000; ತಿಂಗಳಿಗೆ 36,000. ಎಂಟು ಲಕ್ಷದ ಕೈಸಾಲಕ್ಕೆ ತಿಂಗಳಿಗೆ 16,000. ಬ್ಯಾಂಕಿನ ಸಾಲದ ಆರನೆಯ ಒಂದು ಪಾಲಿನಷ್ಟು ಕೈಸಾಲವು ಅದರ ಬಡ್ಡಿಯ ಅರ್ಧಕ್ಕೆ ಸಮೀಪಿಸಿರುವುದನ್ನು ಗಮನಿಸಿ. ಇವೆರಡರ ಜೊತೆಗೆ ಖಾಲಿ ಮನೆಯ ಕಾವಲು, ವಿದ್ಯುತ್ತು, ನೀರು, ಕಂದಾಯದ ಪಾಲು ಎಂದು ತಿಂಗಳಿಗೆ 8,000. ಒಟ್ಟು 60,000. ಮೂವತ್ತು ದಿನಕ್ಕೆ ಹಂಚಿದರೆ ದಿನವೊಂದಕ್ಕೆ 2,000 ರೂಪಾಯಿ. ಬಡಗಿ ಬಾರದ ದಿನವೂ, ಮಳೆ ಬಂದು ಕೆಲಸ ನಿಂತ ದಿನವೂ, ಭಾನುವಾರವೂ, ಯುಗಾದಿಯೂ ಎರಡು ಸಾವಿರ.

ವಾಸ್ತವದಲ್ಲಿ ಬ್ಯಾಂಕುಗಳು ಬಡ್ಡಿಯೊಂದನ್ನೇ ಕೇಳದೆ ಮಾಸಿಕ ಕಂತನ್ನು ನಿಗದಿ ಮಾಡುತ್ತವೆ. ಇಪ್ಪತ್ತು ವರ್ಷದ ಅವಧಿಗೆ 48 ಲಕ್ಷದ ಸಾಲದ ಕಂತು, ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ, ಸುಮಾರು 43,200 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 36,000 ಬಡ್ಡಿಗೆ ಹೋಗಿ, ಸುಮಾರು 7,200 ಮಾತ್ರ ಅಸಲಿಗೆ ಸಲ್ಲುತ್ತದೆ. ಕೆಲವರು ಇಡೀ ಕಂತನ್ನು ಖರ್ಚೆಂದು ಬರೆಯುತ್ತಾರೆ. ಕೆಲವರು ಬರೆಯುವುದನ್ನೇ ಬಿಡುತ್ತಾರೆ. ಎರಡೂ ಸರಿಯಲ್ಲ. ಅಸಲಿಗೆ ಸಂದ ಭಾಗ ಸಾಲವನ್ನು ಅಷ್ಟರಮಟ್ಟಿಗೆ ಇಳಿಸುತ್ತದೆ. ಆದುದರಿಂದ ಅದು ನಷ್ಟವಲ್ಲ. ಬಡ್ಡಿಗೆ ಸಂದುದು ಮಾತ್ರ ಮರಳಿ ಬಾರದು.

ಕಾಲಕ್ಕೆ ಸಂಬಂಧಿಸದ ಖರ್ಚುಗಳನ್ನು ಮೊದಲು ಕೂಡಿಸೋಣ. ಮನೆಯ ಬೆಲೆ 60,00,000, ನೋಂದಣಿಗೆ 4,56,000, ದುರಸ್ತಿಗೆ 8,00,000, ದಲ್ಲಾಳಿಗೆ ಎರಡು ಸಲ ಸೇರಿ 1,44,000, ಪತ್ರಗಳಿಗೆ 40,000. ಒಟ್ಟು 74,40,000. ಮನೆ 84 ಲಕ್ಷಕ್ಕೇ ಮಾರಾಟವಾಯಿತೆಂದರೂ ಉಳಿಯುವುದು 9,60,000. ಗೃಹಸ್ಥನ ಕನಸಿನ ಹದಿನಾರು ಲಕ್ಷದಲ್ಲಿ ಆರು ಲಕ್ಷಕ್ಕೂ ಹೆಚ್ಚು, ಬಡ್ಡಿಯ ಮಾತು ಬರುವುದಕ್ಕೆ ಮುನ್ನವೇ ಕರಗಿತು. ಇನ್ನು ಈ 9,60,000ವನ್ನು ತಿಂಗಳ 60,000ದಿಂದ ಭಾಗಿಸಿ. ಹದಿನಾರು ಬರುತ್ತದೆ. ಮನೆ ಹದಿನಾರು ತಿಂಗಳು ಮಾರಾಟವಾಗದೆ ನಿಂತರೆ ಲಾಭ ಸೊನ್ನೆ. ಆರು ತಿಂಗಳಲ್ಲಿ ಮಾರಿದರೆ ಆರು ಲಕ್ಷ ಲಾಭ. ಒಂದು ವರ್ಷಕ್ಕೆ ಮಾರಿದರೆ 2,40,000. ಇಪ್ಪತ್ತು ತಿಂಗಳಿಗೆ ಮಾರಿದರೆ 2,40,000 ನಷ್ಟ. ಅದೇ ಮನೆ, ಅದೇ ಕೊಂಡ ಬೆಲೆ, ಅದೇ ಮಾರಿದ ಬೆಲೆ! ನೀವು ಕಲಿತ ಸೂತ್ರದಲ್ಲಿ ಕಾಲಕ್ಕೆ ಜಾಗವೇ ಇರಲಿಲ್ಲ. ಸಾಲದ ವ್ಯಾಪಾರದಲ್ಲಿ ಅದೇ ಯಜಮಾನ.

ಮನೆಯಂತೂ ಬೇಗ ಮಾರಾಟವಾಗುವ ಸರಕಲ್ಲ. ದುರಸ್ತಿಗೆ ಮೂರು ನಾಲ್ಕು ತಿಂಗಳು ಬೇಕು. ಖಾತೆ ಬದಲಾವಣೆಗೆ ಅಲೆಯಬೇಕು. ಕೊಳ್ಳಲು ಬಂದವನಿಗೂ ಬ್ಯಾಂಕಿನ ಸಾಲ ಮಂಜೂರಾಗಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಆಷಾಢ ಬಂದಿತೆಂದರೆ ಮುಗಿಯಿತು. ಆ ತಿಂಗಳಲ್ಲಿ ನಮ್ಮಲ್ಲಿ ಹೊಸ ಮನೆ ಹೊಗುವವರು ಕಡಿಮೆ. "ಶ್ರಾವಣ ಬರಲಿ, ತಾಳಿ ಸ್ವಾಮಿ" ಎಂದು ದಲ್ಲಾಳಿ ಸಮಾಧಾನ ಹೇಳುತ್ತಾನೆ. ಗೃಹಪ್ರವೇಶಕ್ಕೆ ಆಷಾಢವುಂಟು, ಬಡ್ಡಿಗೆ ಆಷಾಢವಿಲ್ಲ.

ತೆರಿಗೆಯ ವಿಚಾರವನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ. ಕೊಂಡ ಇಪ್ಪತ್ತನಾಲ್ಕು ತಿಂಗಳೊಳಗೆ ಮಾರಿದ ಮನೆಯಿಂದ ಬಂದ ಲಾಭವನ್ನು ಅಲ್ಪಾವಧಿಯ ಲಾಭವೆಂದು ಎಣಿಸಿ, ಇತರ ಆದಾಯದ ಜೊತೆಗೆ ಸೇರಿಸಿ ತೆರಿಗೆ ವಿಧಿಸುತ್ತಾರೆ. ಐವತ್ತು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯಾದರೆ, ಕೊಳ್ಳುವವನು ನೂರಕ್ಕೆ ಒಂದು ರೂಪಾಯಿಯನ್ನು ಹಿಡಿದು ಸರ್ಕಾರಕ್ಕೆ ಕಟ್ಟಿ, ಉಳಿದುದನ್ನಷ್ಟೇ ಮಾರುವವನಿಗೆ ಕೊಡುತ್ತಾನೆ. ಆ ಹಣ ಮುಂದೆ ತೆರಿಗೆಯಲ್ಲಿ ವಜಾ ಆಗುವುದಾದರೂ, ಸಾಲ ತೀರಿಸಬೇಕಾದ ದಿನ ಕೈಯಲ್ಲಿರುವುದಿಲ್ಲ. ನಮ್ಮ ಲೆಕ್ಕದಲ್ಲಿ ತೆರಿಗೆಯನ್ನು ಸೇರಿಸಿಲ್ಲ. ಸೇರಿಸಿದರೆ ಲಾಭ ಮತ್ತಷ್ಟು ಇಳಿಯುವುದೆಂದು ನೆನಪಿರಲಿ.

ಹಾಗಾದರೆ ಜನ ಸಾಲ ಮಾಡಿ ಈ ವ್ಯಾಪಾರಕ್ಕೆ ಇಳಿಯುವುದಾದರೂ ಏಕೆ? ಅದಕ್ಕೊಂದು ಬಲವಾದ ಕಾರಣವಿದೆ. ಅದನ್ನು ಮರೆಮಾಚಿ ಸಾಲವನ್ನು ಬರಿದೇ ಬಯ್ಯುವುದು ನ್ಯಾಯವಲ್ಲ. ವಿಜ್ಞಾನದ ಪಾಠದಲ್ಲಿ ಸನ್ನೆಗೋಲಿನ ವಿಷಯ ಓದಿದ್ದೀರಿ. ಬರಿಗೈಯಿಂದ ಅಲುಗದ ಬಂಡೆಯನ್ನು ಸನ್ನೆಗೋಲಿನಿಂದ ಮೀಟಿ ಉರುಳಿಸಬಹುದು. ಸಾಲ ಅಂಥದೇ ಒಂದು ಸನ್ನೆಗೋಲು. ನಮ್ಮ ಗೃಹಸ್ಥನ ನೆರೆಯಲ್ಲಿ ಸಾಲವನ್ನೇ ಮಾಡದ ಒಬ್ಬ ಧನಿಕನಿದ್ದಾನೆಂದೂ, ಅವನೂ ಇಂಥದೇ ಮನೆಯನ್ನು ಪೂರ್ತಿ ಸ್ವಂತ ಹಣದಿಂದ ಕೊಂಡು ಆರು ತಿಂಗಳಲ್ಲಿ 84 ಲಕ್ಷಕ್ಕೆ ಮಾರಿದನೆಂದೂ ಭಾವಿಸೋಣ. ಅವನಿಗೆ ಬಡ್ಡಿಯಿಲ್ಲ, ಕಾವಲು, ಕಂದಾಯಗಳ 48,000 ಮಾತ್ರ. ಅವನ ಲಾಭ 9,12,000. ಆದರೆ ಅವನು ತೊಡಗಿಸಿದ ಹಣ ಸುಮಾರು 74 ಲಕ್ಷ. ಅಂದರೆ ನೂರಕ್ಕೆ ಹನ್ನೆರಡರಷ್ಟು ಗಳಿಕೆ. ನಮ್ಮ ಗೃಹಸ್ಥನು ತನ್ನ ಕೈಯಿಂದ ಹಾಕಿದ್ದು ಮೊದಲಿಗೆ 17,56,000, ಆಮೇಲೆ ತಿಂಗಳು ತಿಂಗಳು ಕಟ್ಟಿದ 3,60,000, ಒಟ್ಟು 21,16,000. ಅದರ ಮೇಲೆ ಆರು ಲಕ್ಷ ಗಳಿಸಿದ, ನೂರಕ್ಕೆ ಇಪ್ಪತ್ತೆಂಟರಷ್ಟು! ರೂಪಾಯಿಯಲ್ಲಿ ಕಡಿಮೆ, ಪ್ರಮಾಣದಲ್ಲಿ ಎರಡು ಪಟ್ಟಿಗೂ ಮಿಗಿಲು. ಸಾಲದ ಆಕರ್ಷಣೆ ಇರುವುದು ಇಲ್ಲಿ.

ಸನ್ನೆಗೋಲು ಜಾರಿದರೆ ಬಂಡೆ ಈಚೆಗೂ ಉರುಳುತ್ತದೆ. ಮಾರುಕಟ್ಟೆ ತಣ್ಣಗಾಗಿ, ನಿರೀಕ್ಷಿಸಿದ ಬೆಲೆಯಲ್ಲಿ ನೂರಕ್ಕೆ ಹತ್ತು ಇಳಿಯಿತೆನ್ನಿ. 84 ಲಕ್ಷಕ್ಕೆ ಬದಲಾಗಿ 75,60,000. ಆರೇ ತಿಂಗಳಲ್ಲಿ ಮಾರಾಟವಾಯಿತು. ಧನಿಕನು ನಿರಾಶನಾದರೂ ಅವನಿಗೆ 80,400 ರೂಪಾಯಿ ಲಾಭ ಉಳಿಯುತ್ತದೆ. ನಮ್ಮ ಗೃಹಸ್ಥನ ಗತಿ? ಮಾರಿದ ದಿನ ಹಣ ಕೈಗೆ ಬರುವ ಮೊದಲೇ ಬ್ಯಾಂಕು ತನ್ನ 48 ಲಕ್ಷವನ್ನು ತೆಗೆದುಕೊಳ್ಳುತ್ತದೆ. ಸಾಹುಕಾರನು ಎಂಟು ಲಕ್ಷಕ್ಕೆ ಬಾಗಿಲಲ್ಲಿ ನಿಂತಿರುತ್ತಾನೆ. ದಲ್ಲಾಳಿಗೆ 75,600. ಉಳಿದುದು 18,84,400. ಅವನು ಹಾಕಿದ್ದು 21,16,000, ನಷ್ಟ 2,31,600. ಬೆಲೆಯ ಏರಿಳಿತದಲ್ಲಿ ಬ್ಯಾಂಕಿಗಾಗಲಿ ಸಾಹುಕಾರನಿಗಾಗಲಿ ಪಾಲಿಲ್ಲ. ಬೆಲೆ ಏರಿದರೆ ಹೆಚ್ಚಿಗೆ ಕೇಳರು, ಇಳಿದರೆ ಕಡಿಮೆಗೆ ಒಪ್ಪರು. ಇಳಿದ 8,40,000 ರೂಪಾಯಿಯ ಭಾರವೆಲ್ಲ ಮಕ್ಕಳ ಓದಿಗೆಂದು ಇಟ್ಟಿದ್ದ ಆ ಸಣ್ಣ ಗಂಟಿನ ಮೇಲೆಯೇ ಬೀಳುತ್ತದೆ.

ನಿಮ್ಮಲ್ಲಿ ಜಾಣರೊಬ್ಬರು ಏಳುವುದುಂಟು: "ಗುರುಗಳೇ, ಧನಿಕನು ಅಷ್ಟು ಹಣವನ್ನು ಠೇವಣಿಯಲ್ಲಿಟ್ಟಿದ್ದರೆ ಅವನಿಗೂ ಬಡ್ಡಿ ಬರುತ್ತಿತ್ತಲ್ಲವೇ? ಆ ತಪ್ಪಿದ ಬಡ್ಡಿ ನಷ್ಟವಲ್ಲವೇ?" ಪ್ರಶ್ನೆ ಸರಿಯಾಗಿದೆ. ಅರ್ಥಶಾಸ್ತ್ರಜ್ಞರು ಅದನ್ನೂ ವೆಚ್ಚವೆಂದೇ ಎಣಿಸುತ್ತಾರೆ. ಆದರೆ ತಪ್ಪಿದ ಬಡ್ಡಿಗಾಗಿ ಯಾರೂ ಮನೆಯ ಬಾಗಿಲು ತಟ್ಟುವುದಿಲ್ಲ. ಬೆಲೆ ಇಳಿದಾಗ ಧನಿಕನು ಮನೆಯನ್ನು ಬಾಡಿಗೆಗೆ ಕೊಟ್ಟು ಎರಡು ವರ್ಷ ಕಾಯಬಲ್ಲ. ಸಾಲಗಾರನೂ ಬಾಡಿಗೆಗೆ ಕೊಡಬಹುದು. ಆದರೆ ಇಂಥ ಮನೆಗೆ ಬರುವ ಬಾಡಿಗೆ ತಿಂಗಳ 52,000 ಬಡ್ಡಿಯನ್ನು ಸರಿದೂಗಿಸುವುದು ದುರ್ಲಭ. ಕಾಯಬಲ್ಲವನಿಗೂ ಕಾಯಲಾರದವನಿಗೂ ಒಂದೇ ಮನೆ ಎರಡು ಬೇರೆ ವಸ್ತುಗಳು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಈ ಲೆಕ್ಕವನ್ನು ಮರೆತ ಇಡೀ ನಾಡುಗಳಿವೆ. ಅಮೆರಿಕದ ಆಗ್ನೇಯ ತುದಿಯಲ್ಲಿರುವ ಫ್ಲಾರಿಡಾ ಪ್ರಾಂತ್ಯದಲ್ಲಿ 1925ರ ಸುಮಾರಿಗೆ ನಿವೇಶನಗಳ ವ್ಯಾಪಾರ ಹುಚ್ಚಿನಂತೆ ಹಬ್ಬಿತು. ಚಳಿಯಿಲ್ಲದ ಕಡಲತೀರವೆಂದು ಜನ ರೈಲು, ಮೋಟಾರುಗಳಲ್ಲಿ ಮಯಾಮಿ ನಗರಕ್ಕೆ ನುಗ್ಗಿದರು. ಬೆಲೆಯ ಹತ್ತನೆಯ ಒಂದು ಪಾಲನ್ನು ಮುಂಗಡವಾಗಿ ಕೊಟ್ಟರೆ ಒಂದು ಚೀಟಿ ದೊರೆಯುತ್ತಿತ್ತು. ಅದನ್ನು ಬೈಂಡರ್ ಎನ್ನುತ್ತಿದ್ದರು. ಮುಂದಿನ ಕಂತು ಕಟ್ಟುವ ಗಡುವು ಬರುವುದರೊಳಗಾಗಿ ಚೀಟಿಯನ್ನೇ ಬೇರೊಬ್ಬನಿಗೆ ಹೆಚ್ಚಿನ ಬೆಲೆಗೆ ಮಾರಿಬಿಡುವುದು ವ್ಯಾಪಾರದ ಗುಟ್ಟು. ಬೀದಿಯಲ್ಲಿ ನಿಂತು ಚೀಟಿ ಮಾರುವ ತರುಣರಿಗೆ ಬೈಂಡರ್ ಹುಡುಗರೆಂದೇ ಹೆಸರಾಯಿತು. ಭೂಮಿಯನ್ನು ಕಣ್ಣಿನಿಂದ ನೋಡದವರು ಭೂಮಿಯನ್ನು ಮಾರಿದರು. ಕೊಂಡವನಲ್ಲಿ ಹಣವಿಲ್ಲ, ಅವನಿಂದ ಕೊಂಡವನಲ್ಲಿಯೂ ಇಲ್ಲ; ಎಲ್ಲರ ಭರವಸೆಯೂ ಮುಂದಿನವನ ಮೇಲೆ.

ಹಾಗಿರಲು ಕಾಲ ಎದುರು ನಿಂತಿತು. 1925ರಲ್ಲಿಯೇ ಸರಕಿನ ದಟ್ಟಣೆಯಿಂದ ರೈಲ್ವೆಗಳು ಸಾಮಾನು ಸಾಗಿಸಲು ನಿರ್ಬಂಧ ಹಾಕಿದವು. 1926ರ ಜನವರಿಯಲ್ಲಿ ಪ್ರಿನ್ಸ್ ವಾಲ್ಡೆಮಾರ್ ಎಂಬ ಹಡಗು ಮಯಾಮಿಯ ಬಂದರಿನ ಬಾಯಲ್ಲಿಯೇ ಮಗುಚಿ ದಾರಿಗೆ ಅಡ್ಡ ಬಿದ್ದಿತು. ಮರ, ಸಿಮೆಂಟುಗಳು ಬಾರದೆ ಕಟ್ಟಡಗಳು ಅರ್ಧಕ್ಕೆ ನಿಂತವು. ಕಟ್ಟಡ ನಿಂತರೂ ಕಂತು ನಿಲ್ಲಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 18ರಂದು ಭೀಕರ ಚಂಡಮಾರುತ ಅಪ್ಪಳಿಸಿತು. ಮಯಾಮಿಯ ಬ್ಯಾಂಕುಗಳ ನಡುವೆ 1925ರಲ್ಲಿ ನೂರು ಕೋಟಿ ಡಾಲರಿಗೂ ಮಿಕ್ಕಿ ಚೆಕ್ಕುಗಳ ವಿಲೇವಾರಿ ನಡೆದಿತ್ತು. 1928ರಲ್ಲಿ ಅದು ಹದಿನಾಲ್ಕು ಕೋಟಿ ಚಿಲ್ಲರೆಗೆ ಕುಸಿದಿತ್ತು. ಆ ಕಾಲವನ್ನು ಕುರಿತು ಬರೆದ ಫ್ರೆಡರಿಕ್ ಲೂಯಿಸ್ ಅಲೆನ್ ಎಂಬ ಲೇಖಕನು ಒಬ್ಬ ಜಮೀನಿನವನ ವಿಷಯ ಹೇಳುತ್ತಾನೆ. ಅವನು ಎಕರೆಗೆ 12 ಡಾಲರಿನಂತೆ ಮಾರಿದ ಭೂಮಿ ಕೈಯಿಂದ ಕೈಗೆ ದಾಟಿ ಕೊನೆಗೆ 60 ಡಾಲರಿಗೆ ಏರಿತು. ತಾನು ಅವಸರಪಟ್ಟೆನೆಂದು ಅವನು ಹಲುಬಿದನು. ಒಂದೆರಡು ವರ್ಷಗಳಲ್ಲಿ ಕೊಂಡವರೆಲ್ಲರೂ ಒಬ್ಬೊಬ್ಬರಾಗಿ ಕೈಯೆತ್ತಿದರು; ಭೂಮಿ ತೆರಿಗೆಯ ಬಾಕಿಯನ್ನು ಹೊತ್ತು ಅವನ ಬಳಿಗೇ ಹಿಂದಿರುಗಿತು. ನಡುವಿನವರು ಬರೆದುಕೊಂಡಿದ್ದ ಲಾಭವೆಲ್ಲ ಕಾಗದದಲ್ಲಿಯೇ ಉಳಿಯಿತು.

ಎಂಬತ್ತು ವರ್ಷಗಳ ತರುವಾಯ ಅದೇ ದೇಶ ಈ ಪಾಠವನ್ನು ಮತ್ತೊಮ್ಮೆ, ಹೆಚ್ಚಿನ ಶುಲ್ಕ ತೆತ್ತು, ಕಲಿಯಬೇಕಾಯಿತು. ಅಲ್ಲಿಯ ಕೇಂದ್ರ ಬ್ಯಾಂಕಿನ ಬಡ್ಡಿದರ 2004ರ ಜೂನ್ ಆರಂಭದಲ್ಲಿ ನೂರಕ್ಕೆ ಒಂದು ಮಾತ್ರ ಇತ್ತು. ಅಗ್ಗದ ಸಾಲ ಪಡೆದು ಒಂದಾದ ಮೇಲೊಂದು ಮನೆ ಕೊಂಡು ಮಾರುವವರ ಸಂಖ್ಯೆ ಹೆಚ್ಚಿತು. ಅದೇ ಫ್ಲಾರಿಡಾ, ಮತ್ತು ಅರಿಜೋನ, ಕ್ಯಾಲಿಫೋರ್ನಿಯ, ನೆವಾಡ ಎಂಬ ಪ್ರಾಂತ್ಯಗಳಲ್ಲಿ 2006ರ ವೇಳೆಗೆ ಮನೆ ಕೊಳ್ಳಲು ಕೊಟ್ಟ ಸಾಲದ ಹೆಚ್ಚುಕಡಮೆ ಅರ್ಧ ಭಾಗ, ಆಗಲೇ ಮನೆಯುಳ್ಳವರಿಗೆ ಹೋಗಿತ್ತೆಂದು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು 2011ರಲ್ಲಿ ತೋರಿಸಿದರು. 2006ರ ಜೂನ್ ಮುಗಿಯುವ ಹೊತ್ತಿಗೆ ಆ ಬಡ್ಡಿದರ 5.25ಕ್ಕೆ ಏರಿತ್ತು. ಬದಲಾಗುವ ಬಡ್ಡಿಯ ಸಾಲ ಮಾಡಿದವರ ಕಂತು ಏರಿತು. ಅದೇ ವೇಳೆಗೆ ಮನೆಗಳ ಬೆಲೆ ಇಳಿಯತೊಡಗಿತು. ನಮ್ಮ ಗೃಹಸ್ಥನ ಲೆಕ್ಕದಲ್ಲಿ ಒಂದೊಂದಾಗಿ ಕಂಡ ಎರಡು ಅಪಾಯಗಳು ಅಲ್ಲಿ ಕೂಡಿಯೇ ಬಂದವು. ಬಾಕಿ ನಿಂತ ಸಾಲಗಳ ಭಾರದಿಂದ 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಎಂಬ ದೊಡ್ಡ ಹಣಕಾಸು ಸಂಸ್ಥೆಯೇ ದಿವಾಳಿಯೆದ್ದಿತು. ಮನೆಯೊಂದನ್ನೂ ಕೊಳ್ಳದಿದ್ದ, ಸಾಲವನ್ನೂ ಮಾಡದಿದ್ದ ಎಷ್ಟೋ ಜನರು ದೂರದೂರದ ದೇಶಗಳಲ್ಲಿ ಕೆಲಸ ಕಳೆದುಕೊಂಡರು.

ಮತ್ತೆ ಮೈಸೂರಿಗೆ ಬರೋಣ; ನಮ್ಮ ಗೃಹಸ್ಥನ ಮುಂದೆ ಒಂದು ನಿರ್ಧಾರ ಕಾದಿದೆ. ಆರು ತಿಂಗಳು ತುಂಬಿತು. 84 ಲಕ್ಷ ಕೊಡುವವರು ಬರಲಿಲ್ಲ. ಒಬ್ಬರು ಬಂದು, ಕೂಡಲೇ ಕ್ರಯಪತ್ರ ಮಾಡಿಸಿಕೊಳ್ಳುವುದಾದರೆ 80 ಲಕ್ಷ ಕೊಡುತ್ತೇವೆ ಎನ್ನುತ್ತಾರೆ. ನಾಲ್ಕು ಲಕ್ಷ ಬಿಟ್ಟುಕೊಡಲು ಗೃಹಸ್ಥನಿಗೆ ಮನಸ್ಸಿಲ್ಲ. ದಿನದಿನದ ಖರ್ಚನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ ಅವನ ಹೆಂಡತಿ, "ನಾಲ್ಕು ಲಕ್ಷಕ್ಕೆ ಎಷ್ಟು ದಿನ ಕಾಯಬಹುದು ಅನ್ನುವುದನ್ನು ಮೊದಲು ನೋಡಿ, ಆಮೇಲೆ ಬೇಡವೆನ್ನಿರಿ" ಎನ್ನುತ್ತಾಳೆ. ಅವಳ ಮಾತೇ ಸರಿಯಾದ ದಾರಿ. ಬೆಲೆ ನಾಲ್ಕು ಲಕ್ಷ ಕಡಿಮೆಯಾದರೆ ದಲ್ಲಾಳಿಗೆ ಕೊಡುವುದೂ 4,000 ಕಡಿಮೆಯಾಗುತ್ತದೆ. ಆದುದರಿಂದ ನಿಜವಾದ ಅಂತರ 3,96,000. ಅದನ್ನು ದಿನದ 2,000ದಿಂದ ಭಾಗಿಸಿದರೆ 198 ದಿನ. 84 ಲಕ್ಷ ಕೊಡುವವನು ಇನ್ನು 198 ದಿನಗಳೊಳಗೆ ಬಂದರೆ ಕಾದುದು ಸಾರ್ಥಕ. 198ನೆಯ ದಿನ ಬಂದರೆ ಎರಡೂ ಒಂದೇ. ಆಮೇಲೆ ಬಂದರೆ, ಅವನು ಕೊಡುವ ಹೆಚ್ಚಿನ ಹಣ ಬ್ಯಾಂಕಿಗೂ ಸಾಹುಕಾರನಿಗೂ ಕಾವಲಿನವನಿಗೂ ಸಂದಾಯವಾಗಿ ಮುಗಿದು, ಕೈಯಿಂದ ಇನ್ನಷ್ಟು ಹೋಗಿರುತ್ತದೆ. ಈ ದಿನವೇ ಮಾರಿದರೆ ಲಾಭ 2,04,000.

ಗೃಹಸ್ಥನು ಪಂಚಾಂಗ ತೆಗೆದು ನೋಡಿದನು. ಆ 198 ದಿನಗಳಲ್ಲಿ ಆಷಾಢವೂ ಇತ್ತು, ಪಿತೃಪಕ್ಷವೂ ಇತ್ತು. ಅವನು ಮಾರಿದನೋ ಕಾದನೋ ನಮಗೆ ಬೇಡ. ಬಂದವರು 80 ಲಕ್ಷಕ್ಕೆ ಬದಲಾಗಿ 82 ಲಕ್ಷಕ್ಕೆ ಒಪ್ಪಿದ್ದರೆ, ಇನ್ನೂ ಹೆಚ್ಚಿನ ಬೆಲೆಗಾಗಿ ಅವನು ಎಷ್ಟು ದಿನ ಕಾಯಬಹುದಾಗಿತ್ತೆಂಬುದನ್ನೂ, ಕೈಸಾಲವಿಲ್ಲದೆ ದುರಸ್ತಿಯ ಹಣ ಸ್ವಂತದ್ದೇ ಆಗಿದ್ದರೆ ಆ ದಿನಗಳು ಎಷ್ಟಕ್ಕೆ ಏರುತ್ತಿದ್ದವೆಂಬುದನ್ನೂ ನೀವೇ ಲೆಕ್ಕ ಹಾಕಿ ನೋಡಿ.